ಇಮೇಲ್ ಪಟ್ಟಿ: ವಿಳಾಸ ಪಡೆಯುವುದರಿಂದ ಮಾರಾಟದವರೆಗೆ

ಇಮೇಲ್ ಮಾರ್ಕೆಟಿಂಗ್ ಕಲಿಯಲು ಹೊರಟವರು ಮೊದಲು ಕೇಳುವುದು ಪಟ್ಟಿಯಲ್ಲಿ ಎಷ್ಟು ವಿಳಾಸಗಳಿರಬೇಕು ಎಂದು. ಆ ಪ್ರಶ್ನೆಯನ್ನು ಬದಿಗಿಟ್ಟು, ಪಟ್ಟಿಯಲ್ಲಿರುವವರು ಯಾವ ಕಾರಣಕ್ಕೆ ತಮ್ಮ ವಿಳಾಸ ಕೊಟ್ಟರು ಎಂಬುದನ್ನು ನೋಡುವುದು ಲೇಸು. ಏಕೆಂದರೆ ಪತ್ರ ಇನ್‌ಬಾಕ್ಸ್ ತಲುಪುವುದು, ಓದುಗರು ಅದನ್ನು ತೆರೆಯುವುದು, ಕೊನೆಗೆ ಹಣ ಕೊಟ್ಟು ಕೊಳ್ಳುವುದು, ಈ ಮೂರೂ ಬಹುಮಟ್ಟಿಗೆ ಆ ಕಾರಣವನ್ನೇ ಅವಲಂಬಿಸಿವೆ. ವಿಷಯ ಸ್ಪಷ್ಟವಾಗಲೆಂದು ಟಿಪ್ಪಣಿಯುದ್ದಕ್ಕೂ ಒಂದೇ ಕಾಲ್ಪನಿಕ ಉದಾಹರಣೆಯನ್ನು ಇಟ್ಟುಕೊಳ್ಳೋಣ: ಜಯನಗರದಲ್ಲಿ ತಾರಸಿ ತೋಟಕ್ಕೆ ಬೇಕಾದ ಬೀಜ, ಕುಂಡ ಮತ್ತು ಗೊಬ್ಬರ ಮಾರುವ ಒಂದು ಚಿಕ್ಕ ಅಂಗಡಿ.

ಈ ಅಂಗಡಿಯವರು ತಮ್ಮ ಜಾಲತಾಣದಲ್ಲಿ ‘ನಮ್ಮ ಸುದ್ದಿಪತ್ರಕ್ಕೆ ಚಂದಾದಾರರಾಗಿ’ ಎಂದಷ್ಟೇ ಬರೆದರೆ ವಿಳಾಸ ಕೊಡಲು ಯಾರಿಗೂ ಕಾರಣ ಸಿಗುವುದಿಲ್ಲ. ಹಾಗೆಂದು ಮೊಬೈಲ್ ಫೋನಿನ ಲಕ್ಕಿ ಡ್ರಾ ಇಟ್ಟರೆ ವಿಳಾಸಗಳು ರಾಶಿ ಬೀಳುತ್ತವೆ, ಆದರೆ ಅವರಲ್ಲಿ ಹೆಚ್ಚಿನವರಿಗೆ ಬೇಕಾಗಿರುವುದು ಫೋನೇ ಹೊರತು ಬೀಜವಲ್ಲ. ಅದರ ಬದಲು ‘ಬೆಂಗಳೂರಿನ ತಾರಸಿಯಲ್ಲಿ ಯಾವ ತಿಂಗಳು ಏನು ಬಿತ್ತಬೇಕು’ ಎಂಬ ಎರಡು ಪುಟದ ಪಟ್ಟಿಯನ್ನು ಉಚಿತವಾಗಿ ಕೊಡುವುದಾಗಿ ಹೇಳಬಹುದು. ನೈರುತ್ಯ ಮುಂಗಾರು ಜೂನ್‌ನಲ್ಲಿ ಬಂದರೂ ಇಲ್ಲಿ ಜೋರು ಮಳೆ ಸುರಿಯುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಬೇರೆ ಊರಿನ ಹವಾಮಾನಕ್ಕೆ ಬರೆದ ಬಿತ್ತನೆ ಪಟ್ಟಿ ನೋಡಿ ಎಳೆಯ ಸಸಿಗಳನ್ನು ಮಳೆಗೆ ಕಳೆದುಕೊಂಡವರಿಗೆ ಇಂಥ ಸ್ಥಳೀಯ ಮಾಹಿತಿಯ ಬೆಲೆ ಗೊತ್ತಿರುತ್ತದೆ. ಲೀಡ್ ಮ್ಯಾಗ್ನೆಟ್ ಎಂದು ಕರೆಯುವ ಇಂತಹ ಉಚಿತ ಕೊಡುಗೆ ವಿಳಾಸ ತರುವುದರ ಜೊತೆಗೆ ಜರಡಿಯ ಕೆಲಸವನ್ನೂ ಮಾಡುತ್ತದೆ: ತಾರಸಿಯೂ ಕುಂಡವೂ ಇಲ್ಲದವರು ಅದನ್ನು ಕೇಳುವುದೇ ಇಲ್ಲ.

ವಿಳಾಸ ಸಂಗ್ರಹಿಸುವ ವಿಧಾನದಲ್ಲೂ ಎಚ್ಚರ ಬೇಕು. ಲಾಲ್‌ಬಾಗ್‌ನಲ್ಲಿ ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯ ದಿನದ ಹೊತ್ತಿಗೆ ನಡೆಯುವ ಫಲಪುಷ್ಪ ಪ್ರದರ್ಶನದಂತಹ ಕಡೆ ಮಳಿಗೆ ಹಾಕಿ ನೋಟ್‌ಬುಕ್ಕಿನಲ್ಲಿ ವಿಳಾಸ ಬರೆಸಿಕೊಂಡರೆ ಅಕ್ಷರ ತಪ್ಪಿದ ವಿಳಾಸಗಳು ಸೇರಿಕೊಂಡು, ಅವುಗಳಿಗೆ ಕಳಿಸಿದ ಪತ್ರಗಳು ಬೌನ್ಸ್ ಆಗುತ್ತವೆ, ಅಂದರೆ ತಲುಪದೆ ಮರಳಿ ಬರುತ್ತವೆ. ಕ್ಯೂಆರ್ ಕೋಡ್ ಇಟ್ಟು ಸಂದರ್ಶಕರೇ ತಮ್ಮ ಫೋನಿನಲ್ಲಿ ವಿಳಾಸ ತುಂಬುವಂತೆ ಮಾಡಿ, ನಂತರ ಹೋಗುವ ಖಚಿತಪಡಿಸುವ ಪತ್ರದ ಕೊಂಡಿಯನ್ನು ಒತ್ತಿದವರನ್ನು ಮಾತ್ರ ಪಟ್ಟಿಗೆ ಸೇರಿಸುವುದು ಉತ್ತಮ. ಡಬಲ್ ಆಪ್ಟ್‌-ಇನ್ ಎಂಬ ಈ ಕ್ರಮದಲ್ಲಿ ಕೆಲವರು ಕೊಂಡಿ ಒತ್ತದೆ ಬಿಟ್ಟುಹೋಗುತ್ತಾರೆ. ಅವರು ಹೋದದ್ದು ನಷ್ಟವೆಂದು ನನಗನ್ನಿಸುವುದಿಲ್ಲ.

ಅಪಾರ್ಟ್‌ಮೆಂಟ್ ಸಂಘದ ಪರಿಚಯಸ್ಥರಿಂದ ನಿವಾಸಿಗಳ ವಿಳಾಸ ಪಡೆಯುವುದು ಬೆಂಗಳೂರಿನಲ್ಲಿ ಸುಲಭವಾಗಿ ಹೊಳೆಯುವ ಉಪಾಯ. ಆದರೆ ಆ ನಿವಾಸಿಗಳು ವಿಳಾಸ ಕೊಟ್ಟದ್ದು ನೀರಿನ ಟ್ಯಾಂಕರ್ ಮತ್ತು ನಿರ್ವಹಣಾ ಶುಲ್ಕದ ವಿಚಾರ ತಿಳಿಯಲು. 2023ರ ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಈ ವ್ಯತ್ಯಾಸವನ್ನು ಎತ್ತಿಹಿಡಿಯುತ್ತದೆ: ಒಪ್ಪಿಗೆ ಸ್ವತಂತ್ರವಾಗಿ, ನಿರ್ದಿಷ್ಟ ಉದ್ದೇಶಕ್ಕೆ, ತಿಳಿದು ಕೊಟ್ಟದ್ದಾಗಿರಬೇಕು, ಮತ್ತು ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂಪಡೆಯಲು ಸಾಧ್ಯವಿರಬೇಕು. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷ್‌ನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಇರಬೇಕೆಂದೂ ಕಾಯ್ದೆ ಹೇಳುವುದರಿಂದ, ಅದರ ಕನ್ನಡ ರೂಪವನ್ನು ಈಗಲೇ ಸಿದ್ಧಪಡಿಸಿಕೊಳ್ಳುವುದು ಜಾಣತನ. ದುಡ್ಡಿಗೆ ಸಿಗುವ ಸಿದ್ಧ ಪಟ್ಟಿಗಳ ಬಗ್ಗೆ ಬೇರೆ ಹೇಳಬೇಕಾಗಿಲ್ಲ.

ಒಪ್ಪಿಗೆಯಿಲ್ಲದ ಪತ್ರದ ಚರಿತ್ರೆ ಬಹುಮಟ್ಟಿಗೆ ಇಮೇಲಿನಷ್ಟೇ ಹಳೆಯದು ಎನ್ನಬೇಕು: 1978ರಲ್ಲಿ ಗ್ಯಾರಿ ಥರ್ಕ್ ಎಂಬ ಮಾರ್ಕೆಟಿಂಗ್ ವ್ಯವಸ್ಥಾಪಕರು ಇಂದಿನ ಇಂಟರ್ನೆಟ್ಟಿನ ಪೂರ್ವರೂಪವಾದ ಅರ್ಪಾನೆಟ್ ಜಾಲದಲ್ಲಿದ್ದ ಸುಮಾರು 400 ಜನರಿಗೆ ಡಿಜಿಟಲ್ ಎಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನ ಕಂಪ್ಯೂಟರುಗಳ ಜಾಹೀರಾತನ್ನು ಒಟ್ಟಿಗೆ ಕಳಿಸಿದ್ದರು. ಆಗ ಗೊಣಗುವುದನ್ನು ಬಿಟ್ಟು ಓದುಗರಿಗೆ ಹೆಚ್ಚಿನ ದಾರಿಯಿರಲಿಲ್ಲ. ಈಗ ಬೇಡದ ಪತ್ರವೆಂದು ದೂರು ಕೊಡುವ ಸ್ಪ್ಯಾಮ್ ಗುಂಡಿ ಇದೆ. 2024ರ ಫೆಬ್ರುವರಿಯಿಂದ ಗೂಗಲ್ ಮತ್ತು ಯಾಹೂ ಜಾರಿಗೆ ತಂದ ನಿಯಮಗಳಂತೆ, ದಿನಕ್ಕೆ ಸುಮಾರು 5000ಕ್ಕಿಂತ ಹೆಚ್ಚು ಪತ್ರಗಳನ್ನು ಜಿಮೇಲ್ ಖಾತೆಗಳಿಗೆ ಕಳಿಸುವವರು ತಮ್ಮ ಡೊಮೇನಿಗೆ (ಇಮೇಲ್ ವಿಳಾಸದಲ್ಲಿ @ ನಂತರ ಬರುವ ಹೆಸರಿಗೆ) ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ, ಪತ್ರ ನಿಜಕ್ಕೂ ಅವರಿಂದಲೇ ಬಂದದ್ದೆಂದು ತೋರಿಸುವ ಮೂರೂ ದೃಢೀಕರಣಗಳನ್ನು ಹೊಂದಿಸಬೇಕು ಮತ್ತು ಒಂದೇ ಕ್ಲಿಕ್ಕಿನಲ್ಲಿ ಪಟ್ಟಿಯಿಂದ ಹೊರಹೋಗುವ ಸೌಲಭ್ಯ ಕೊಡಬೇಕು. ನಮ್ಮ ಬೀಜದಂಗಡಿ ಆ ಸಂಖ್ಯೆಯ ಹತ್ತಿರಕ್ಕೂ ಬಾರದಿದ್ದರೂ, ಸ್ಪ್ಯಾಮ್ ದೂರುಗಳ ಪ್ರಮಾಣ ಶೇ. 0.3ನ್ನು ಮುಟ್ಟಬಾರದೆಂಬ ನಿಯಮ ಚಿಕ್ಕವರಿಗೂ ಅನ್ವಯಿಸುತ್ತದೆ. ಸ್ಥೂಲವಾಗಿ ಲೆಕ್ಕ ಹಾಕಿದರೆ, 500 ಜನರಿಗೆ ಹೋದ ಪತ್ರವನ್ನು ಇಬ್ಬರು ಸ್ಪ್ಯಾಮ್ ಎಂದು ಗುರುತಿಸಿದರೆ ಅದು ಶೇ. 0.4 ಆಯಿತು. ಆದ್ದರಿಂದ ಹೊರಹೋಗುವ ಕೊಂಡಿಯನ್ನು ಮರೆಮಾಡುವುದು ನಮ್ಮ ಕಾಲಿಗೆ ನಾವೇ ಕೊಡಲಿ ಹಾಕಿಕೊಂಡಂತೆ. ಸದ್ದಿಲ್ಲದೆ ಹೋಗಬೇಕಿದ್ದವರನ್ನು ಅದು ದೂರು ಕೊಡುವವರನ್ನಾಗಿ ಮಾಡುತ್ತದೆ.

ಇನ್ನು ಲೀಡ್, ಅಂದರೆ ವಿಳಾಸ ಕೊಟ್ಟು ಆಸಕ್ತಿ ತೋರಿದವರು, ಗಿರಾಕಿಯಾಗುವ ಹಂತ. ಅಭ್ಯಾಸ ಮಾಡುವವರು ಹೆಚ್ಚು ಹೊತ್ತು ಕೊಡಬೇಕಾದ ಭಾಗವಿದು. ಬಿತ್ತನೆ ಪಟ್ಟಿಯನ್ನು ಹೊತ್ತ ಮೊದಲ ಪತ್ರ ಕೆಲವೇ ನಿಮಿಷಗಳಲ್ಲಿ ತಲುಪಬೇಕು, ಏಕೆಂದರೆ ಓದುಗರು ಅದಕ್ಕಾಗಿಯೇ ಕಾಯುತ್ತಿರುತ್ತಾರೆ ಮತ್ತು ಅಂಗಡಿಯ ಹೆಸರು ಅವರ ನೆನಪಿನಲ್ಲಿ ಹಸಿಯಾಗಿರುತ್ತದೆ. ಎರಡು ದಿನ ಬಿಟ್ಟು ಹೋಗುವ ಎರಡನೆಯ ಪತ್ರದಲ್ಲಿ ಏನನ್ನೂ ಮಾರದೆ, ಸೊಪ್ಪು, ತರಕಾರಿ, ಹೂವು ಇವುಗಳಲ್ಲಿ ಯಾವುದನ್ನು ಬೆಳೆಯಲು ಇಷ್ಟವೆಂದು ಕೇಳಿ ಮೂರು ಕೊಂಡಿಗಳನ್ನು ಕೊಡಬಹುದು. ಒತ್ತಿದ ಕೊಂಡಿಗೆ ಅನುಗುಣವಾಗಿ ಓದುಗರು ಬೇರೆ ಬೇರೆ ಗುಂಪಿಗೆ ಸೇರುತ್ತಾರೆ, ಇದನ್ನೇ ಸೆಗ್ಮೆಂಟೇಶನ್ ಎನ್ನುವುದು. ಮೂರನೆಯ ಪತ್ರ ಅವರ ಅನುಮಾನಕ್ಕೆ ಉತ್ತರವಾಗಿರಬೇಕು. ಬೀಜ ಕೊಳ್ಳದವರಿಗೆ ಬೆಲೆ ಅಡ್ಡಿಯಾಗಿರುವುದು ಅಪರೂಪ. ಮೊಳೆಯದಿದ್ದರೆ ಏನು ಮಾಡುವುದು, ಮಣ್ಣಿನ ಭಾರಕ್ಕೆ ತಾರಸಿ ಸೋರೀತೇ ಎಂಬ ಅಳುಕೇ ಹೆಚ್ಚಾಗಿರುತ್ತದೆ.

ನಾಲ್ಕನೆಯ ಪತ್ರದಲ್ಲಿ ಮಾರಾಟ ಬರಬಹುದು. ಮೊದಲ ಸರಕನ್ನು ಲಾಭ ನೋಡಿ ಆರಿಸದೆ, ಫಲ ಕಾಣುವ ವೇಗ ನೋಡಿ ಆರಿಸಬೇಕೆಂಬುದು ನನ್ನ ಅಭಿಪ್ರಾಯ. ಮೆಂತ್ಯ ಕೆಲವೇ ದಿನಗಳಲ್ಲಿ ಮೊಳೆತು ಮೂರು ನಾಲ್ಕು ವಾರಗಳಲ್ಲಿ ಕೊಯ್ಲಿಗೆ ಬರುತ್ತದೆ. ಮೆಂತ್ಯ ಮತ್ತು ಹರಿವೆಯ ಚಿಕ್ಕ ಪೊಟ್ಟಣ ಕೊಂಡವರು ಒಂದು ತಿಂಗಳೊಳಗೆ ಮನೆಯ ಸೊಪ್ಪಿನ ಸಾರು ಉಂಡಿರುತ್ತಾರೆ, ಆಗ ದೊಡ್ಡ ಕುಂಡದ ಮಾತನ್ನು ಅವರು ಕೇಳುತ್ತಾರೆ. ಋತುವಿನ ಲೆಕ್ಕವೂ ಅಷ್ಟೇ ಮುಖ್ಯ. ಅವರೆಕಾಳಿನ ಮೇಲೆ ಊರಿಗೆ ಊರೇ ಮುಗಿಬೀಳುವುದು ಸಂಕ್ರಾಂತಿಯ ಸುಮಾರಿಗೆ, ಆದರೆ ಹಗಲಿನ ಅವಧಿ ಕುಗ್ಗಿದಾಗಲೇ ಹೂಬಿಡುವ ನಾಟಿ ಅವರೆಯನ್ನು ಬಿತ್ತುವುದು ಮಳೆಗಾಲದಲ್ಲಿ; ಆದ್ದರಿಂದ ಬೀಜದ ಪತ್ರ ಜುಲೈನಲ್ಲೇ ಹೋಗಬೇಕು. ಹಗಲಿನ ಅವಧಿಯ ಹಂಗಿಲ್ಲದ ಹೆಬ್ಬಾಳ ಅವರೆಯಂತಹ ತಳಿಗಳನ್ನು ಮಾರುವುದಾದರೆ ಈ ಕಟ್ಟು ಸಡಿಲವಾಗುತ್ತದೆ, ಮತ್ತು ಆ ಮಾಹಿತಿಯೇ ಡಿಸೆಂಬರಿನ ಪತ್ರಕ್ಕೆ ಒಳ್ಳೆಯ ವಿಷಯವಾಗುತ್ತದೆ.

ಪತ್ರವನ್ನು ಕನ್ನಡದಲ್ಲಿ ಬರೆಯುವವರು ತಿಳಿದಿರಬೇಕಾದ ತಾಂತ್ರಿಕ ಸಂಗತಿಯೊಂದಿದೆ. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಉಳಿಸಿಡುವ ಯೂನಿಕೋಡಿನ ಯುಟಿಎಫ್‌-8 ಕ್ರಮದಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕಾದರೆ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟ್ ಬೇಕು, ಒತ್ತು ಮತ್ತು ಸ್ವರಚಿಹ್ನೆಗಳು ಬೇರೆಯಾಗಿಯೇ ಎಣಿಕೆಯಾಗುತ್ತವೆ. ಸುಮಾರು 102 ಕೆಬಿ ಮೀರಿದ ಪತ್ರವನ್ನು ಜಿಮೇಲ್ ಅರ್ಧಕ್ಕೆ ಕತ್ತರಿಸಿ ತೋರಿಸುವುದರಿಂದ, ಅಲಂಕಾರದ ಕೋಡ್ ತುಂಬಿದ ಕನ್ನಡ ಪತ್ರ ಈ ಮಿತಿಯನ್ನು ಬೇಗ ಮುಟ್ಟುತ್ತದೆ. ಆಗ ಮೊದಲು ಮರೆಯಾಗುವುದು ಕೆಳಗಡೆಯ ಹೊರಹೋಗುವ ಕೊಂಡಿ. ಬರಹವನ್ನೆಲ್ಲ ಚಿತ್ರವಾಗಿ ಅಂಟಿಸುವ ಹಳೆಯ ರೂಢಿಯನ್ನೂ ಬಿಡಬೇಕು. ಈಗಿನ ಫೋನುಗಳಲ್ಲಿ ಕನ್ನಡ ಫಾಂಟ್ ಇದ್ದೇ ಇರುತ್ತದೆ.

ಫಲಿತಾಂಶ ಅಳೆಯುವಾಗ ಎಷ್ಟು ಜನ ಪತ್ರ ತೆರೆದರು ಎಂಬ ಅಂಕಿಯನ್ನು ನೆಚ್ಚಿಕೊಳ್ಳಬಾರದು. ಪತ್ರದೊಳಗಿನ ಚಿತ್ರ ಇಳಿದರೆ ಓದುಗರು ಪತ್ರ ತೆರೆದರೆಂದು ಈ ಅಂಕಿ ಎಣಿಸುತ್ತದೆ. 2021ರಲ್ಲಿ ಬಂದ, ಐಫೋನಿನ ತಂತ್ರಾಂಶವಾದ ಐಓಎಸ್ 15ರಿಂದ ಆಪಲ್ ಮೇಲ್‌ನ ಖಾಸಗಿತನದ ಸೌಲಭ್ಯ ಪತ್ರದೊಳಗಿನ ಚಿತ್ರಗಳನ್ನು ಮೊದಲೇ ಇಳಿಸಿಕೊಳ್ಳುವ ಕಾರಣ, ಓದದವರೂ ತೆರೆದಂತೆ ಲೆಕ್ಕಕ್ಕೆ ಬರುತ್ತಾರೆ. ಕ್ಲಿಕ್ ಮತ್ತು ಆರ್ಡರ್‌ಗಳನ್ನು ನೋಡುವುದೇ ಸರಿ. 800 ಪತ್ರಗಳು ತಲುಪಿ, 40 ಜನ ಕೊಂಡಿ ಒತ್ತಿ, 6 ಜನ ಕೊಂಡರೆಂದು ಭಾವಿಸೋಣ: ತಲುಪಿದವರಲ್ಲಿ ಶೇ. 0.75, ಒತ್ತಿದವರಲ್ಲಿ ಶೇ. 15 ಜನ ಗಿರಾಕಿಗಳಾದರು. ಎರಡನೆಯ ಅಂಕಿ ಚೆನ್ನಾಗಿದ್ದು ಮೊದಲನೆಯದು ಸಣ್ಣದಾಗಿದ್ದರೆ ತಿದ್ದಬೇಕಾದುದು ಪತ್ರವನ್ನು ಅಥವಾ ಪಟ್ಟಿಯನ್ನು, ಮಾರಾಟದ ಪುಟವನ್ನಲ್ಲ.

ಕೊಂಡವರನ್ನು ಪತ್ರಗಳ ಸರಣಿಯಿಂದ ಅಂದೇ ತೆಗೆದು ಬೇರೆ ಗುಂಪಿಗೆ ಹಾಕಬೇಕು. ನಿನ್ನೆ ಪೂರ್ತಿ ಬೆಲೆ ಕೊಟ್ಟವರಿಗೆ ಇಂದು ಅದೇ ಸರಕಿನ ರಿಯಾಯಿತಿ ಪತ್ರ ಹೋದರೆ ಅವರು ಮತ್ತೆ ನಂಬುವುದು ಕಷ್ಟ. ಆರು ತಿಂಗಳು ಏನನ್ನೂ ಒತ್ತದವರನ್ನು ಅಳಿಸಿಹಾಕಿ ಎಂಬ ಸಲಹೆ ಪಾಠಗಳಲ್ಲಿ ಸಾಮಾನ್ಯ, ಆದರೆ ಬೀಜದಂಗಡಿಗೆ ಅದು ಹೊಂದದು. ವರ್ಷಕ್ಕೊಮ್ಮೆ ಅವರೆ ಬೀಜ ಮಾತ್ರ ಕೊಳ್ಳುವವರು ನಡುವಿನ ತಿಂಗಳುಗಳಲ್ಲಿ ಸುಮ್ಮನಿರುವುದು ಸಹಜವಾದ್ದರಿಂದ, ಕನಿಷ್ಠ ಒಂದು ಪೂರ್ಣ ಬಿತ್ತನೆ ವರ್ಷ ಕಾದು, ಮುಂದುವರಿಯಲು ಇಷ್ಟವಿದೆಯೇ ಎಂದು ಒಂದು ಪತ್ರದಲ್ಲಿ ಕೇಳಿ, ಅದಕ್ಕೂ ಉತ್ತರ ಬಾರದಿದ್ದರೆ ಮಾತ್ರ ಆ ವಿಳಾಸವನ್ನು ತೆಗೆಯಬೇಕು.