ಸೇರಿದವರ ಅಂಕ ನೋಡಿ ಲಾ ಸ್ಕೂಲ್ ಆರಿಸಬಹುದೇ?

ಓದುಗರ ಪ್ರಶ್ನೆ: ಮಗಳು ಅಮೆರಿಕದಲ್ಲಿ ಡಿಗ್ರಿ ಮುಗಿಸುತ್ತಿದ್ದಾಳೆ. ಮುಂದೆ ಲಾ ಓದುವ ಆಸೆ. ಪ್ರತಿ ಲಾ ಸ್ಕೂಲೂ ತನ್ನ ವಿದ್ಯಾರ್ಥಿಗಳ ಎಲ್‌ಸ್ಯಾಟ್ (ಲಾ ಪ್ರವೇಶ ಪರೀಕ್ಷೆ) ಮೀಡಿಯನ್, ಜಿಪಿಎ (ಡಿಗ್ರಿಯ ಸರಾಸರಿ ಅಂಕ) ಮೀಡಿಯನ್, ಅಂದರೆ ನಟ್ಟನಡುವಿನ ಅಂಕ, ಎಷ್ಟು ಅಂತ ಹಾಕಿಕೊಂಡಿದೆ. ಆ ಅಂಕ ಜಾಸ್ತಿ ಇರುವುದೇ ಒಳ್ಳೆಯ ಸ್ಕೂಲ್ ಅಂತ ತಿಳಿಯಬಹುದಾ?

ಹಾಗೆ ತಿಳಿಯಬೇಡಿ. ಒಳಗೆ ಯಾರು ಬಂದರು ಅನ್ನುವುದಷ್ಟೇ ಆ ಅಂಕದಿಂದ ಗೊತ್ತಾಗುತ್ತದೆ. ಬಂದವರಿಗೆ ಮೂರು ವರ್ಷ ಏನು ಕಲಿಸಿದರು, ಕೊನೆಗೆ ಎಷ್ಟು ಜನ ವಕೀಲರಾದರು ಅನ್ನುವುದು ಅದರಲ್ಲಿ ಇಲ್ಲ. ಮಗಳಿಗೆ ಎಲ್ಲಿ ಸೀಟು ಸಿಗಬಹುದು, ಎಲ್ಲಿ ಸ್ಕಾಲರ್‌ಶಿಪ್ ಕೇಳಬಹುದು ಅಂತ ಅಂದಾಜು ಮಾಡಲು ಮಾತ್ರ ಅದು ತುಂಬಾ ಉಪಯೋಗಕ್ಕೆ ಬರುತ್ತದೆ.

ಮೀಡಿಯನ್ ಹೇಗೆ ಕೆಲಸ ಮಾಡುತ್ತದೆ ನೋಡಿ. ಎಲ್‌ಸ್ಯಾಟ್ ಅಂಕ 120ರಿಂದ 180ರವರೆಗೆ ಇರುತ್ತದೆ. ಒಂದು ತರಗತಿಯಲ್ಲಿ 101 ಜನ ಇದ್ದಾರೆ ಅಂತಿಟ್ಟುಕೊಳ್ಳಿ. ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ 51ನೆಯವರ ಅಂಕವೇ ಮೀಡಿಯನ್. ಅದು 170 ಆಗಬೇಕು ಅಂದರೆ 51 ಜನ 170 ಅಥವಾ ಜಾಸ್ತಿ ತೆಗೆದಿದ್ದರೆ ಸಾಕು. ಉಳಿದ 50 ಜನರ ಅಂಕ 169 ಆದರೂ ಒಂದೇ, 155 ಆದರೂ ಒಂದೇ.

ಇಲ್ಲಿಂದಲೇ ತೊಂದರೆ ಶುರು. ಆ ಸ್ಕೂಲಿನ ಜಿಪಿಎ ಮೀಡಿಯನ್ 3.9 ಅಂತಿರಲಿ. ಒಬ್ಬಳು 169 ಮತ್ತು 3.85 ತಂದಿದ್ದಾಳೆ. ಇನ್ನೊಬ್ಬ 172 ಮತ್ತು 3.4. ಮೊದಲನೆಯವಳು ಎರಡರಲ್ಲೂ ಕೂದಲೆಳೆಯಷ್ಟು ಕೆಳಗೆ. ಹಾಗಾಗಿ ಅವಳಿಂದ ಯಾವ ಮೀಡಿಯನ್ನೂ ಏರುವುದಿಲ್ಲ. ಎರಡನೆಯವನಿಂದ ಒಂದಾದರೂ ಏರುತ್ತದೆ. ಇಂಥವರನ್ನು ಅಲ್ಲಿ ಸ್ಪ್ಲಿಟರ್ ಅನ್ನುತ್ತಾರೆ. ರ‍್ಯಾಂಕಿನ ಮೇಲೆ ಕಣ್ಣಿಟ್ಟ ಸ್ಕೂಲು ಅವನಿಗೆ ಸೀಟು ಕೊಟ್ಟು, ಅವಳನ್ನು ವೇಟಿಂಗ್ ಲಿಸ್ಟಿಗೆ ಹಾಕಬಹುದು. ಸ್ಕಾಲರ್‌ಶಿಪ್ ದುಡ್ಡೂ ಹೀಗೆಯೇ ಅಂಕದ ಹಿಂದೆ ಹೋಗುತ್ತದೆ. ನಿಜವಾಗಿ ಕಷ್ಟದಲ್ಲಿರುವ ಮನೆಯ ಹುಡುಗರಿಗೆ ಉಳಿಯುವುದು ಕಮ್ಮಿ. ನನಗೆ ಇದು ದೊಡ್ಡ ಅನ್ಯಾಯವಾಗಿ ಕಾಣುತ್ತದೆ.

ಮೀಡಿಯನ್‌ಗೆ ಇಷ್ಟು ಬೆಲೆ ಬಂದಿದ್ದು ಲಾ ಸ್ಕೂಲುಗಳಿಗೆ ರ‍್ಯಾಂಕ್ ಕೊಡುವ ಯುಎಸ್ ನ್ಯೂಸ್ ಪಟ್ಟಿಯಿಂದ. 2022ರ ಪಟ್ಟಿಯವರೆಗೂ ಅದರಲ್ಲಿ ಪ್ರವೇಶ ಪರೀಕ್ಷೆಗೆ ಶೇ. 11.25, ಜಿಪಿಎಗೆ ಶೇ. 8.75 ತೂಕ ಇತ್ತು. ಅಂದರೆ ರ‍್ಯಾಂಕಿನ ಐದನೇ ಒಂದು ಭಾಗ ಪಾಠ ಶುರುವಾಗುವ ಮೊದಲೇ ತೀರ್ಮಾನವಾಗಿ ಹೋಗುತ್ತಿತ್ತು. ರ‍್ಯಾಂಕಿನ ಆಸೆ ಎಲ್ಲಿಯವರೆಗೆ ಹೋಯಿತು ಅಂದರೆ, ಇಲಿನಾಯ್ ವಿಶ್ವವಿದ್ಯಾಲಯದ ಲಾ ಸ್ಕೂಲು ತನ್ನ ಅಂಕಗಳನ್ನು ಉಬ್ಬಿಸಿ ತೋರಿಸಿದ್ದು 2011ರಲ್ಲಿ ಬಯಲಾಯಿತು. ಒಂದು ಬ್ಯಾಚಿನ ನಿಜವಾದ ಎಲ್‌ಸ್ಯಾಟ್ ಮೀಡಿಯನ್ 163, ಹೇಳಿದ್ದು 168. ಮರುವರ್ಷ ಲಾ ಸ್ಕೂಲುಗಳಿಗೆ ಮಾನ್ಯತೆ ಕೊಡುವ ಅಮೆರಿಕನ್ ಬಾರ್ ಅಸೋಸಿಯೇಷನ್ ಎರಡೂವರೆ ಲಕ್ಷ ಡಾಲರ್ ದಂಡ ಹಾಕಿತು.

2022ರ ನವೆಂಬರಿನಲ್ಲಿ ಯೇಲ್ ಆ ಪಟ್ಟಿಯಿಂದ ಹೊರಗೆ ಬಂತು. ಹಾರ್ವರ್ಡ್ ಅದೇ ದಿನ ಹಿಂಬಾಲಿಸಿತು, ಆಮೇಲೆ ಇನ್ನೂ ಹಲವು ಸ್ಕೂಲುಗಳು. ಅದರ ಮುಂದಿನ ವರ್ಷವೇ ತೂಕ ಬದಲಾಯಿತು. ಪರೀಕ್ಷೆಗೆ ಶೇ. 5, ಜಿಪಿಎಗೆ ಶೇ. 4 ಮಾತ್ರ ಉಳಿಯಿತು. ಓದು ಮುಗಿಸಿದವರಿಗೆ ಸಿಕ್ಕ ಕೆಲಸ ಮತ್ತು ಬಾರ್ ಪರೀಕ್ಷೆಯ (ವಕೀಲರಾಗಲು ಪಾಸಾಗಬೇಕಾದ ಪರೀಕ್ಷೆ) ಫಲಿತಾಂಶ ಸೇರಿ ಶೇ. 58 ಆಯಿತು. ಇದು ಸರಿಯಾದ ದಾರಿ ಅಂತಲೇ ನನ್ನ ಅಭಿಪ್ರಾಯ.

ಜಿಪಿಎಯಲ್ಲಿ ಇನ್ನೊಂದು ಸಮಸ್ಯೆ ಇದೆ. ಕಷ್ಟದ ಎಂಜಿನಿಯರಿಂಗ್ ಓದಿ ತಂದ 3.5ಕ್ಕೂ, ಧಾರಾಳವಾಗಿ ಅಂಕ ಕೊಡುವ ಕಡೆ ತಂದ 3.5ಕ್ಕೂ ಮೀಡಿಯನ್ ಲೆಕ್ಕದಲ್ಲಿ ವ್ಯತ್ಯಾಸವೇ ಇಲ್ಲ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಡಿಗ್ರಿ ಮುಗಿಸಿ ಅಲ್ಲಿ ಜೆಡಿಗೆ (ಅಲ್ಲಿನ ಮೂರು ವರ್ಷದ ಲಾ ಡಿಗ್ರಿ) ಅರ್ಜಿ ಹಾಕುವವರ ಅಂಕವನ್ನಂತೂ ಜಿಪಿಎಗೆ ಬದಲಾಯಿಸುವುದೇ ಇಲ್ಲ. ಹಾಗಾಗಿ ಅದು ಮೀಡಿಯನ್‌ಗೆ ಸೇರುವುದೂ ಇಲ್ಲ. ಅವರಿಗೆ ಎಲ್‌ಸ್ಯಾಟ್ ಅಂಕವೇ ಮುಖ್ಯವಾಗುತ್ತದೆ. ಇಲ್ಲಿ ಎಲ್‌ಎಲ್‌ಬಿ ಮಾಡಿ ಒಂದು ವರ್ಷದ ಎಲ್‌ಎಲ್‌ಎಂಗೆ ಹೋಗುವವರಂತೂ ಈ ಅಂಕಗಳನ್ನು ಪಕ್ಕಕ್ಕಿಡಬಹುದು. ಅವು ಜೆಡಿ ತರಗತಿಯವು.

ಹಾಗಾದರೆ ಏನು ನೋಡಬೇಕು? ಪ್ರತಿ ಡಿಸೆಂಬರಿನಲ್ಲಿ ಲಾ ಸ್ಕೂಲುಗಳು 509 ಅನ್ನುವ ವರದಿ ಹಾಕುತ್ತವೆ. ಅದರಲ್ಲಿ ಮೀಡಿಯನ್ ಒಂದೇ ಅಲ್ಲ, 25 ಮತ್ತು 75ನೇ ಪರ್ಸೆಂಟೈಲ್ ಅಂಕವೂ ಇರುತ್ತದೆ. 75ನೇ ಪರ್ಸೆಂಟೈಲ್ ಅಂದರೆ ತರಗತಿಯ ಮುಕ್ಕಾಲು ಜನ ಅದರ ಕೆಳಗೆ ಅಂತ. ಮಗಳ ಅಂಕ 75ರ ಮೇಲಿದ್ದರೆ ಸ್ಕಾಲರ್‌ಶಿಪ್ ಬಗ್ಗೆ ಧೈರ್ಯವಾಗಿ ಮಾತಾಡಬಹುದು. ಕೆಲಸದ ವರದಿ ಬೇರೆಯೇ ಇರುತ್ತದೆ. ಡಿಗ್ರಿ ಮುಗಿದು ಹತ್ತು ತಿಂಗಳಿಗೆ ಎಷ್ಟು ಜನ ಪೂರ್ಣಾವಧಿಯ, ಬಾರ್ ಪಾಸಾಗಲೇಬೇಕಾದ ಕೆಲಸದಲ್ಲಿದ್ದಾರೆ ಅನ್ನುವ ಸಾಲನ್ನು ಹುಡುಕಿ. ಮೀಡಿಯನ್ ಸ್ವಲ್ಪ ಕಮ್ಮಿ ಇದ್ದರೂ ಈ ಸಾಲಿನಲ್ಲಿ ಮುಂದಿರುವ ಸ್ಕೂಲು ಸಿಕ್ಕರೆ, ನಾನಾದರೆ ಅದನ್ನೇ ಮೊದಲು ನೋಡುತ್ತೇನೆ.

ಸ್ಕಾಲರ್‌ಶಿಪ್ ಕೊಟ್ಟರೆ ಷರತ್ತು ಓದದೆ ಒಪ್ಪಬೇಡಿ. ಇಂತಿಷ್ಟು ಜಿಪಿಎ ಇದ್ದರೆ ಮಾತ್ರ ಮುಂದಿನ ವರ್ಷವೂ ಕೊಡುತ್ತೇವೆ ಅನ್ನುವ ಸ್ಕೂಲುಗಳಿವೆ. ಅಲ್ಲಿ ಅಂಕ ಕೊಡುವುದು ಕರ್ವ್ ಮೇಲೆ, ಅಂದರೆ ಒಬ್ಬರನ್ನೊಬ್ಬರಿಗೆ ಹೋಲಿಸಿ, ಎಲ್ಲರೂ ಚೆನ್ನಾಗಿ ಓದಿದರೂ ಕೆಲವರು ಕೆಳಗೆ ಬೀಳಲೇಬೇಕು. ಹಿಂದಿನ ಬ್ಯಾಚುಗಳಲ್ಲಿ ಎಷ್ಟು ಜನರಿಗೆ ಹಾಗೆ ಕೈತಪ್ಪಿತು ಅನ್ನುವುದೂ ಅದೇ 509 ವರದಿಯಲ್ಲಿದೆ.