ಎಂಟು ಹಾಕಿದ ಮೇಲೆ ಕಲಿಯಬೇಕಾದದ್ದು

ಆರ್‌ಟಿಒ ಮೈದಾನದಲ್ಲಿ ಬೈಕಿನಲ್ಲಿ ಎಂಟು ಹಾಕಿದ ದಿನ ನಮ್ಮಲ್ಲಿ ಬಹಳ ಜನರ ಕಲಿಕೆ ಮುಗಿದೇ ಹೋಗುತ್ತದೆ. ಕಾಲು ನೆಲಕ್ಕೆ ತಾಗಲಿಲ್ಲ, ಇಂಡಿಕೇಟರ್ ಮರೆಯಲಿಲ್ಲ, ಡಿಎಲ್ ಬಂತು. ನಾನು ಕಾರು ಕಲಿತದ್ದೂ ಹೀಗೆಯೇ. ಹಾಫ್ ಕ್ಲಚ್, ರಿವರ್ಸ್, ದಿಬ್ಬದಲ್ಲಿ ನಿಲ್ಲಿಸಿ ಹೊರಡುವುದು, ಅಷ್ಟೇ. ನಿಂತ ಬಸ್ಸಿನ ಮರೆಯಿಂದ ಯಾರಾದರೂ ಓಡಿ ಬರಬಹುದು ಅಂತ ಯಾರೂ ಹೇಳಿಕೊಡಲಿಲ್ಲ.

2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 11,702 ಜನ ಕರ್ನಾಟಕದಲ್ಲಿ. ಗುಂಡಿ, ವೇಗ, ಹೆಲ್ಮೆಟ್ ಬಗ್ಗೆ ನಾವು ಮಾತಾಡುತ್ತೇವೆ, ಆಡಲೇಬೇಕು. ಓಡಿಸುವವರಿಗೆ ಏನು ಕಲಿಸಿದ್ದೇವೆ ಅನ್ನುವುದನ್ನು ಮಾತ್ರ ಕೇಳುವುದೇ ಇಲ್ಲ.

ಬೇರೆ ಕಡೆ ಈ ಪ್ರಶ್ನೆಗೆ ತೊಂಬತ್ತು ವರ್ಷದ ಇತಿಹಾಸವಿದೆ. 1930ರ ದಶಕದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಪ್ರಾಧ್ಯಾಪಕ ಏಮಸ್ ನೈಹಾರ್ಟ್ ತಮ್ಮ ಸ್ವಂತ ಕಾರಿನಲ್ಲೇ ಹೈಸ್ಕೂಲ್ ಹುಡುಗರಿಗೆ ಡ್ರೈವಿಂಗ್ ಕಲಿಸತೊಡಗಿದರು. 1935ರಲ್ಲಿ ಬ್ರಿಟನ್ ಹೊಸ ಚಾಲಕರಿಗೆ ಪರೀಕ್ಷೆ ಕಡ್ಡಾಯ ಮಾಡಿತು. ಅಮೆರಿಕದ ಶಾಲೆಗಳಲ್ಲಿ ಡ್ರೈವಿಂಗ್ ಒಂದು ಪಾಠವೇ ಆಯಿತು. ಕಲಿತವರು ಗುದ್ದುವುದಿಲ್ಲ ಎಂದು ಎಲ್ಲರೂ ನಂಬಿದ್ದರು.

ಆ ನಂಬಿಕೆಯನ್ನು ಅಲುಗಾಡಿಸಿದ್ದು ಅಮೆರಿಕದ ಜಾರ್ಜಿಯಾ ರಾಜ್ಯದ ಡಿಕಾಲ್ಬ್ ಕೌಂಟಿ. 1970ರ ದಶಕದ ಕೊನೆಗೆ ಅಲ್ಲಿ ಸುಮಾರು 16,000 ವಿದ್ಯಾರ್ಥಿಗಳನ್ನು ಗುಂಪುಗಳಾಗಿ ಹಂಚಿದರು. ಒಂದು ಗುಂಪಿಗೆ ದೀರ್ಘ ತರಬೇತಿ, ಇನ್ನೊಂದಕ್ಕೆ ಸ್ವಲ್ಪ, ಮತ್ತೊಂದಕ್ಕೆ ಶಾಲೆಯಿಂದ ಏನೂ ಇಲ್ಲ. ದೀರ್ಘ ತರಬೇತಿಯ ಲಾಭ ಮೊದಲ ಕೆಲವು ತಿಂಗಳು ಮಾತ್ರ ಕಂಡಿತು, ಆಮೇಲೆ ಕರಗಿಹೋಯಿತು. ತರಬೇತಿ ಸಿಕ್ಕವರು ಬೇಗ ಲೈಸೆನ್ಸ್ ಪಡೆದು ಬೇಗ ರಸ್ತೆಗಿಳಿದದ್ದೂ ಲೆಕ್ಕವನ್ನು ಕೆಡಿಸಿತು. ನಾರ್ವೆಯಲ್ಲಿ ಇನ್ನೂ ನೋವಿನ ಪಾಠ ಸಿಕ್ಕಿತು. ಜಾರುವ ರಸ್ತೆಯಲ್ಲಿ ಕಾರು ಹಿಡಿತಕ್ಕೆ ತರುವುದನ್ನು ಕಲಿಸಿದ ಮೇಲೆ, ಯುವಕರಲ್ಲಿ ಅಂಥ ರಸ್ತೆಯ ಅಪಘಾತಗಳೇ ಜಾಸ್ತಿಯಾದವು. ಕೈಗೆ ಚಳಕ ಬಂದಷ್ಟೂ ಧೈರ್ಯ ಬಂತು, ಎಚ್ಚರ ಬರಲಿಲ್ಲ.

ಹಾಗಂತ ಕಲಿಕೆಯೇ ವ್ಯರ್ಥ ಅಂದುಕೊಳ್ಳಬೇಡಿ. ಕಲಿಸುವ ರೀತಿ ಬದಲಾಗಬೇಕಿತ್ತು, ಅಷ್ಟೇ. 1987ರಲ್ಲಿ ನ್ಯೂಜಿಲೆಂಡ್ ಲೈಸೆನ್ಸನ್ನು ಮೂರು ಹಂತ ಮಾಡಿತು. ನಡುವಿನ ಹಂತದವರು ರಾತ್ರಿ ಹತ್ತರ ಮೇಲೆ ಒಬ್ಬರೇ ಓಡಿಸುವಂತಿರಲಿಲ್ಲ, ಗೆಳೆಯರನ್ನು ತುಂಬಿಕೊಂಡು ಹೋಗುವಂತಿರಲಿಲ್ಲ. ಹೊಸಬರ ಅಪಘಾತ ಇಳಿಯಿತು. ಬೇರೆ ದೇಶಗಳೂ ಇದನ್ನು ಹಿಡಿದವು. 1993ರಲ್ಲಿ ಸ್ವೀಡನ್ ಕಲಿಯಲು ಶುರುಮಾಡುವ ವಯಸ್ಸನ್ನು 16ಕ್ಕೆ ಇಳಿಸಿತು, ಲೈಸೆನ್ಸ್ ವಯಸ್ಸು ಮಾತ್ರ 18 ಆಗಿಯೇ ಉಳಿಯಿತು. ಈ ಅವಕಾಶ ಬಳಸಿಕೊಂಡವರು ದೊಡ್ಡವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಸುಮಾರು 120 ಗಂಟೆ ಓಡಿಸಿದರು. ಲೈಸೆನ್ಸ್ ಬಂದ ಮೇಲೆ ಅವರ ಅಪಘಾತಗಳು ಎದ್ದು ಕಾಣುವಷ್ಟು ಕಡಿಮೆಯಾದವು. 2002ರಿಂದ ಬ್ರಿಟನ್ನಿನಲ್ಲಿ ವಿಡಿಯೊ ತೋರಿಸಿ, ಅಪಾಯ ಹುಟ್ಟುತ್ತಿರುವುದು ಯಾವಾಗ ಕಣ್ಣಿಗೆ ಬಿತ್ತು ಎಂದೂ ಪರೀಕ್ಷಿಸುತ್ತಾರೆ. ನನ್ನ ಮಟ್ಟಿಗೆ ಇದೇ ನಿಜವಾದ ಎಂಟು!

ನಮ್ಮಲ್ಲಿ 1989ರ ನಿಯಮದ ಪ್ರಕಾರ ಡ್ರೈವಿಂಗ್ ಸ್ಕೂಲಿನಲ್ಲಿ ಕಾರಿಗೆ ಕನಿಷ್ಠ 21 ದಿನ, ಅದರಲ್ಲಿ 10 ಗಂಟೆ ಸ್ಟೀರಿಂಗ್ ಹಿಡಿಸಬೇಕು. ಆದರೆ ಸ್ವಂತ ಕಾರು ಓಡಿಸುವವರು ಸ್ಕೂಲಿಗೆ ಹೋಗಲೇಬೇಕೆಂದಿಲ್ಲ. ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಬಂದು 30 ದಿನವಾದರೆ ಪರೀಕ್ಷೆಗೆ ಹೋಗಬಹುದು. 2021ರಲ್ಲಿ ಮಾನ್ಯತೆ ಪಡೆದ ತರಬೇತಿ ಕೇಂದ್ರಗಳ ನಿಯಮ ಬಂತು. ಅಲ್ಲಿ 29 ಗಂಟೆಯ ಕೋರ್ಸ್, 21 ಗಂಟೆ ಪ್ರಾಯೋಗಿಕ. ಪಾಸಾದವರಿಗೆ ಆರ್‌ಟಿಒ ಡ್ರೈವಿಂಗ್ ಪರೀಕ್ಷೆಯಿಂದ ವಿನಾಯಿತಿ. ಗಂಟೆಗಳು ಹೆಚ್ಚಾದದ್ದು ಒಳ್ಳೆಯದೇ. ಆದರೂ 29ಕ್ಕೂ 120ಕ್ಕೂ ಎಷ್ಟು ದೂರ ಅಲ್ವಾ? ಅದೂ ಡಿಎಲ್ ಬಂದ ಮಾರನೇ ದಿನವೇ ನಾಲ್ಕು ಗೆಳೆಯರೊಂದಿಗೆ ರಾತ್ರಿ ಹೈವೇಗೆ ಹೋಗಲು ನಮ್ಮ ಕಾನೂನಿನ ಅಡ್ಡಿಯಿಲ್ಲ.

ಆ ಅಂತರವನ್ನು ಸದ್ಯಕ್ಕೆ ಮನೆಯವರೇ ತುಂಬಬೇಕು. ನನ್ನ ಅಕ್ಕನ ಮಗನಿಗೆ ಡಿಎಲ್ ಬಂದು ಐದು ತಿಂಗಳಾಯಿತು. ಭಾನುವಾರಗಳಲ್ಲಿ ಈಗಲೂ ಪಕ್ಕದಲ್ಲಿ ಕೂರುತ್ತೇನೆ. ಒಂದು ದಿನ ಮಳೆಯಲ್ಲಿ, ಒಂದು ದಿನ ಸಂತೆ ಬೀದಿಯಲ್ಲಿ, ಒಂದು ದಿನ ಕತ್ತಲಾದ ಮೇಲೆ. ಮುಂದೆ ಏನಾಗಬಹುದು ಅಂತ ಅವನು ಬಾಯಿಬಿಟ್ಟು ಹೇಳುತ್ತಾ ಓಡಿಸಬೇಕು. ಮೊನ್ನೆ ನಿಂತ ಬಸ್ಸು ಕಂಡೊಡನೆ, ನಾನು ಹೇಳುವ ಮೊದಲೇ, ಅವನ ಕಾಲು ಬ್ರೇಕಿನ ಮೇಲಿತ್ತು.