ಹಾಕಿಸುವ ಮೊದಲು ಬಿಚ್ಚಿ

ಸಕಲೇಶಪುರದ ಕಡೆ ಮಳೆ ಸ್ವಲ್ಪ ಹೊಳವಾಯಿತೆಂದರೆ ಸಾಕು, ನನ್ನ ಗ್ಯಾರೇಜಿನ ಮುಂದೆ ಬೆಂಗಳೂರಿನ ಬೈಕುಗಳು ಸಾಲು ನಿಲ್ಲುತ್ತವೆ. ಈಚೆಗೆ ಬಂದ ಒಂದು ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411ರಲ್ಲಿ ಬೈಕ್ ಎಲ್ಲಿದೆ ಎಂದು ಹುಡುಕಬೇಕಿತ್ತು. ಎರಡೂ ಬದಿಗೆ ಅಲ್ಯೂಮಿನಿಯಂ ಪೆಟ್ಟಿಗೆ, ಅವನ್ನು ಹೊರಲು ಕಬ್ಬಿಣದ ಚೌಕಟ್ಟು, ಮುಂದೆ ದಪ್ಪ ಕ್ರ್ಯಾಶ್ ಗಾರ್ಡ್, ಅದಕ್ಕೆ ಕಟ್ಟಿದ ಜೆರಿಕ್ಯಾನ್, ನಾಲ್ಕು ಫಾಗ್ ಲೈಟು. "ಅಣ್ಣಾ, ಎಸ್ಟೇಟ್ ರೋಡಲ್ಲಿ ಮೂರು ಸಲ ಬಿದ್ದೆ. ಇನ್ನೇನು ಹಾಕಿಸಬೇಕು?" ಎಂದು ಕೇಳಿದ ಹುಡುಗ.

"ಮೊದಲು ಬಿಚ್ಚೋಣ ಬಾರಪ್ಪ" ಎಂದೆ.

ಬಿಚ್ಚಿದ್ದನ್ನೆಲ್ಲ ಪಕ್ಕದ ಗೋಡೌನಿನಲ್ಲಿ ಕಾಫಿ ಮೂಟೆ ತೂಗುವ ತಕ್ಕಡಿ ಮೇಲಿಟ್ಟೆವು. ಖಾಲಿ ಪೆಟ್ಟಿಗೆಗಳೂ ಸೇರಿ 28 ಕೆಜಿ. ಅರ್ಧ ಮೂಟೆಗಿಂತ ಹೆಚ್ಚು. ಬರಿಯ ಬೈಕೇ 199 ಕೆಜಿ. ಕೆಸರಲ್ಲಿ ಮಲಗಿದ ಬೈಕನ್ನು ಒಬ್ಬನೇ ಎತ್ತುವಾಗ ಈ ಲೆಕ್ಕ ಸೊಂಟಕ್ಕೆ ಗೊತ್ತಾಗುತ್ತದೆ. ಎಕ್ಸ್‌ಪಲ್ಸ್ 200 ಎಂಬ ಹೀರೋ ಬೈಕು ಓಡಿಸುವವರು ದಿಣ್ಣೆಯಲ್ಲಿ ಹಗುರವಾಗಿ ಹತ್ತಿಕೊಂಡು ಹೋಗುವುದರ ಗುಟ್ಟು ಎಂಜಿನ್ನಿನಲ್ಲಿಲ್ಲ, ಅದು ಸುಮಾರು 40 ಕೆಜಿ ಕಡಿಮೆ ತೂಗುವುದರಲ್ಲಿದೆ. ನಾನು ಉಳಿಸಿದ್ದು ಎಂಜಿನ್ ಕೆಳಗಿನ ಪ್ಲೇಟು ಮತ್ತು ಕೈಗೆ ಹ್ಯಾಂಡ್ ಗಾರ್ಡ್, ಅಷ್ಟೇ. ಸಾಮಾನಿಗೆ ಸೀಟಿನ ಮೇಲೆ ಅಡ್ಡ ಕಟ್ಟುವ ಬಟ್ಟೆ ಚೀಲ ಸಾಕು. ಬಿದ್ದಾಗ ಗಟ್ಟಿ ಪೆಟ್ಟಿಗೆಯ ಅಡಿ ಕಾಲು ಸಿಕ್ಕಿಕೊಂಡರೆ ಮೂಳೆ ಉಳಿಯುವುದಿಲ್ಲ.

ಮುಂದಿನ ಕೆಲಸಕ್ಕೆ ದುಡ್ಡಿಲ್ಲ, ಎರಡು ಮೂರು ಸ್ಪಾನರ್ ಬೇಕು. ಬೈಕನ್ನು ಸ್ಟ್ಯಾಂಡಿಗೆ ಹಾಕಿ, ರೈಡಿಂಗ್ ಬೂಟು ಹಾಕಿಕೊಂಡು ಫುಟ್‌ರೆಸ್ಟ್ ಮೇಲೆ ಎದ್ದು ನಿಲ್ಲಲು ಹೇಳಿದೆ. ಕಲ್ಲುದಾರಿಯಲ್ಲಿ ನಿಂತೇ ಓಡಿಸಬೇಕು. ಕಂಪನಿಯವರು ಲಿವರ್ ಕೂರಿಸುವುದು ಕೂತು ಓಡಿಸುವವರಿಗಾಗಿ. ನಿಂತಾಗ ಅವನ ಮಣಿಕಟ್ಟು ಹಿಂದಕ್ಕೆ ಮುರಿದಂತೆ ಬಾಗಿತ್ತು. ಕ್ಲಚ್, ಬ್ರೇಕ್ ಎರಡೂ ಲಿವರನ್ನು ಕೆಳಕ್ಕೆ ತಿರುಗಿಸಿ, ಮೊಣಕೈಯಿಂದ ಬೆರಳ ತುದಿವರೆಗೆ ಒಂದೇ ಗೆರೆ ಬರುವಲ್ಲಿ ನಿಲ್ಲಿಸಿದೆ. ಇಲ್ಲೊಂದು ಹಳೇ ರ‍್ಯಾಲಿ ಉಪಾಯ: ಲಿವರಿನ ಹಿಡಿ ಕೂರುವ ಜಾಗದಲ್ಲಿ ಹ್ಯಾಂಡಲಿಗೆ ಪ್ಲಂಬರುಗಳು ಬಳಸುವ ಬಿಳಿ ಟೆಫ್ಲಾನ್ ಟೇಪನ್ನು ಎರಡು ಸುತ್ತು ಸುತ್ತಿ, ಬೋಲ್ಟನ್ನು ಕೈಯಿಂದ ಒತ್ತಿದರೆ ಮಾತ್ರ ತಿರುಗುವಷ್ಟು ಬಿಗಿ ಮಾಡಿ. ಬಿದ್ದರೆ ಲಿವರ್ ತಿರುಗಿಕೊಳ್ಳುತ್ತದೆ, ತುಂಡಾಗುವುದಿಲ್ಲ. ಕಾಡಂಚಿನಲ್ಲಿ ಕ್ಲಚ್ ಲಿವರ್ ಮುರಿದುಕೊಂಡು ನಿಂತವರಿಗೆ ಈ ಟೇಪಿನ ಬೆಲೆ ಗೊತ್ತು.

ನಿಂತಾಗ ಬೆನ್ನು ತೀರಾ ಬಾಗುವ ಎತ್ತರದವರು ಹ್ಯಾಂಡಲನ್ನು ಎತ್ತರಿಸುವ ರೈಸರ್ ಹಾಕಿಸುತ್ತಾರೆ, ಹಾಕಿಸಲಿ. ಆದರೆ ಆಮೇಲೆ ಎಂಜಿನ್ ಶುರು ಮಾಡಿ, ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ಎಂಜಿನ್ ಸದ್ದು ತಾನಾಗಿ ಏರಿದರೆ ಆಕ್ಸಿಲರೇಟರ್ ಕೇಬಲ್ ಎಳೆಯುತ್ತಿದೆ ಎಂದರ್ಥ. ಹೇರ್‌ಪಿನ್ ತಿರುವಿನಲ್ಲಿ ಅದು ಗೊತ್ತಾಗುವುದು ಬೇಡ.

ಈಗ ಶಾಕ್ ಅಬ್ಸಾರ್ಬರ್ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ತಪ್ಪು ತಿಳಿವಳಿಕೆ ಜಾಸ್ತಿ. ಶಾಕಿನ ಸ್ಪ್ರಿಂಗನ್ನು ಮೊದಲೇ ಒತ್ತಿಡುವ ಪ್ರೀಲೋಡ್ ರಿಂಗ್ ತಿರುಗಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಗಟ್ಟಿಯಾಗುವುದಿಲ್ಲ. ಬೈಕಿನ ಹಿಂಭಾಗ ಎಷ್ಟು ಎತ್ತರದಲ್ಲಿ ನಿಲ್ಲಬೇಕು ಎಂಬುದಷ್ಟೇ ಬದಲಾಗುತ್ತದೆ. ಅದನ್ನು ಕಣ್ಣಳತೆಯಲ್ಲಿ ಮಾಡಬೇಡಿ, ಅಳತೆ ಟೇಪು ಹಿಡಿಯಿರಿ. ಹಿಂದಿನ ಚಕ್ರ ನೆಲ ಬಿಡುವಂತೆ ಎತ್ತಿ, ಆಕ್ಸಲಿನಿಂದ ನೇರ ಮೇಲಕ್ಕೆ ಬಾಡಿಯ ಮೇಲೊಂದು ಗುರುತಿನವರೆಗೆ ಅಳೆಯಿರಿ. ಆಮೇಲೆ ಹೆಲ್ಮೆಟ್, ಜಾಕೆಟ್, ಚೀಲ ಎಲ್ಲ ಸಮೇತ ಸವಾರ ಹತ್ತಲಿ, ಒಬ್ಬರು ಮುಂದೆ ಹಿಡಿದಿರಲಿ, ಇನ್ನೊಬ್ಬರು ಮತ್ತೆ ಅಳೆಯಲಿ. ಎರಡರ ವ್ಯತ್ಯಾಸ ಹಿಂಚಕ್ರದ ಒಟ್ಟು ಓಟದ, ಅಂದರೆ ಅದು ಮೇಲೆ ಕೆಳಗೆ ಆಡುವ ದೂರದ, ಮೂರನೇ ಒಂದು ಭಾಗದ ಆಸುಪಾಸಿರಬೇಕು. 411ರ ಹಿಂಚಕ್ರದ ಓಟ 180 ಮಿಮೀ, ಅಂದರೆ 55ರಿಂದ 60 ಮಿಮೀ ಕುಸಿಯಬೇಕು. ಈ ಹುಡುಗ ಬಂದಾಗ, ಲಗೇಜು ಸಮೇತ, 85 ಕುಸಿಯುತ್ತಿತ್ತು. ಹಿಂದೆ ಕುಸಿದಷ್ಟೂ ಮುಂದೆ ಹಗುರ. ಹ್ಯಾಂಡಲ್ ತಿರುಗಿಸಿದರೂ ಬೈಕು ನೇರ ಚರಂಡಿ ಕಡೆಗೇ. ಮೂರರಲ್ಲಿ ಎರಡು ಸಲ ಬಿದ್ದದ್ದು ಇದೇ ಕಾರಣಕ್ಕೆ ಎಂದು ನನ್ನ ಅನುಮಾನ.

ಭಾರ ಇಳಿಸಿ, ರಿಂಗ್ ತಿರುಗಿಸಿದ ಮೇಲೆ ಅಳತೆ 60ಕ್ಕೆ ಬಂತು. ಆಮೇಲೆ ಸವಾರನನ್ನು ಇಳಿಸಿ, ಬೈಕು ತನ್ನ ಭಾರಕ್ಕೆ ತಾನೇ ಎಷ್ಟು ಕೂರುತ್ತದೆ ಎಂದೂ ನೋಡಬೇಕು. ಸವಾರನ ಅಳತೆ ಸರಿ ಬಂದು, ಖಾಲಿ ಬೈಕು ಒಂದಿಷ್ಟೂ ಕೂರದಿದ್ದರೆ ನಿಮ್ಮ ತೂಕಕ್ಕೆ ಸ್ಪ್ರಿಂಗ್ ಮೆದು. ಕೇಳಲು ತಿರುಗುಮುರುಗು ಅನ್ನಿಸುತ್ತದೆ, ಆದರೆ ಸತ್ಯ: ಮೆದು ಸ್ಪ್ರಿಂಗನ್ನು ಒತ್ತಿ ಒತ್ತಿ ಎತ್ತರ ನಿಲ್ಲಿಸಿರುತ್ತೀರಿ, ಹಾಗಾಗಿ ಅದು ಕೂರುವುದಿಲ್ಲ. ಆಗ ಗಟ್ಟಿ ಸ್ಪ್ರಿಂಗಿಗೆ ದುಡ್ಡು ಹಾಕಿ, ಸಾರ್ಥಕ. ಶಾಕ್ ಎತ್ತರ ಬದಲಾದಾಗ ಚೈನನ್ನೂ ನೋಡಿ. ಹಿಂಚಕ್ರ ಹಿಡಿದಿರುವ ಸ್ವಿಂಗ್ ಆರ್ಮ್ ಅರ್ಧ ಮೇಲೇರಿ, ಚೈನ್ ಓಡುವ ಎರಡು ಹಲ್ಲುಚಕ್ರ (ಸ್ಪ್ರಾಕೆಟ್) ಮತ್ತು ಆ ಆರ್ಮ್ ತಿರುಗುವ ಬೋಲ್ಟು ಒಂದೇ ಗೆರೆಗೆ ಬರುವಲ್ಲಿ ಚೈನ್ ಅತಿ ಬಿಗಿ. ಅಲ್ಲಿಯೂ ಸ್ವಲ್ಪ ಸಡಿಲ ಉಳಿಯಬೇಕು.

ಟೈರಿನ ಗಾಳಿ ಹೇಳಿದಷ್ಟು ಸುಲಭವಲ್ಲ. "ಇಳಿಸಿದಷ್ಟೂ ಗ್ರಿಪ್ಪು" ಎಂದು ಇಳಿಸುತ್ತಾ ಹೋಗುತ್ತಾರೆ. ನಮ್ಮ ಎಸ್ಟೇಟ್ ದಾರಿಗಳಲ್ಲಿ ಕೆಸರಿನ ಅಡಿಗೇ ಕಲ್ಲಿದೆ. ಟ್ಯೂಬ್ ಟೈರಿಗೆ ಮುಂದೆ 20, ಹಿಂದೆ 22 ಪಿಎಸ್‌ಐ ಹತ್ತಿರ ನಾನು ನಿಲ್ಲಿಸುತ್ತೇನೆ. ಇನ್ನೂ ಇಳಿಸಿದರೆ ಕಲ್ಲಿಗೆ ರಿಮ್ ಬಡಿದು ಟ್ಯೂಬ್ ನಡುವೆ ಸಿಕ್ಕಿ, ಹಾವು ಕಚ್ಚಿದ ಹಾಗೆ ಜೋಡಿ ತೂತು ಬೀಳುತ್ತದೆ. ಟೈರನ್ನು ರಿಮ್ಮಿಗೆ ಒತ್ತಿ ಹಿಡಿಯುವ ರಿಮ್ ಲಾಕ್ ಇಲ್ಲದಿದ್ದರೆ ಟೈರು ರಿಮ್ಮಿನ ಮೇಲೆ ಜಾರಿ ವಾಲ್ವನ್ನೇ ಕಿತ್ತುಹಾಕುತ್ತದೆ. ಟಾರಿಗೆ ಹತ್ತಿದ ಮೇಲೆ ಮತ್ತೆ ತುಂಬಿಸಲು ಪಂಪ್ ಜೊತೆಗಿರಲಿ. ಇನ್ನು ಜಿಗುಟು ಕೆಂಪುಮಣ್ಣಿಗೆ ಗಾಳಿಯಿಂದ ಉಪಾಯವಿಲ್ಲ, ಗುಬ್ಬಿ ಗುಬ್ಬಿ ಟೈರೇ ಬೇಕು. ಮಳೆಗಾಲದಲ್ಲಿ ಇಲ್ಲಿನ ಜೀಪಿನವರೇ ಚಕ್ರಕ್ಕೆ ಸರಪಳಿ ಸುತ್ತುತ್ತಾರೆ.

ಮುಂದಿನ ಸ್ಪ್ರಾಕೆಟ್ 15 ಹಲ್ಲಿನಿಂದ 14ಕ್ಕೆ ಇಳಿಸಿದರೆ ದಿಣ್ಣೆಯಲ್ಲಿ ಎಳೆತ ಸುಮಾರು ಶೇ 7 ಹೆಚ್ಚುತ್ತದೆ. ಕಡಿಮೆ ಖರ್ಚಿನ ಒಳ್ಳೆ ಕೆಲಸ. ಜೋರು ಸದ್ದಿನ ಸೈಲೆನ್ಸರ್ ಹಾಕಿ ಎಂದರೆ ನಾನು ಒಲ್ಲೆ. ವಾಹನವನ್ನು ಬೇಕಾದಂತೆ ಮಾರ್ಪಡಿಸುವುದನ್ನು ತಡೆಯುವ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಒಂದು ಕಡೆ ಇರಲಿ, ಆನೆ ಓಡಾಡುವ ತೋಟಗಳಲ್ಲಿ ಅಷ್ಟು ದೂರದಿಂದ ಅದಕ್ಕೆ ಸುದ್ದಿ ಕಳಿಸುವುದು ಯಾಕೆ? ಬಿಎಸ್6 ಹಿಮಾಲಯನ್ನಿನಲ್ಲಿ ಹಿಂಚಕ್ರದ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಕಚ್ಚಿ ನಿಲ್ಲದಂತೆ ನೋಡುವ ವ್ಯವಸ್ಥೆ) ಆಫ್ ಮಾಡುವ ಸ್ವಿಚ್ ಇದೆ, ಇಳಿಜಾರಿನ ಜಲ್ಲಿಯಲ್ಲಿ ಬಳಸಿ. ಟಾರು ಮುಟ್ಟಿದ ಕೂಡಲೇ ಆನ್ ಮಾಡಿ.

ಓಡಿಸಿ ನೋಡಲು ಹೋದ ಹುಡುಗ ಸಂಜೆ ವಾಪಸ್ ಬಂದ. ಬಿದ್ದಿದ್ದ, ಒಂದೇ ಸಲ. ಲಿವರ್ ಮೇಲಕ್ಕೆ ತಿರುಗಿ ನಿಂತಿತ್ತು, ಮುರಿದಿರಲಿಲ್ಲ. ಕೈಯಲ್ಲಿ ಒತ್ತಿ ಕೂರಿಸಿದೆವು. ಅವನು ಮತ್ತೆ ಪೆಟ್ಟಿಗೆ ಕಟ್ಟಲು ಹೊರಟಾಗ ತಡೆದು, ಕೈಗೊಂದು ಸಣ್ಣ ಸ್ಪಾನರ್ ಕೊಟ್ಟು ಮುಂದಿನ 21 ಇಂಚಿನ ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ತಟ್ಟಲು ಹೇಳಿದೆ. ಟಿಣ್, ಟಿಣ್, ಟಿಣ್, ಟಪ್.

"ಅದೇ ಸಡಿಲ ಕಡ್ಡಿ" ಎಂದೆ. ಹುಡುಗ ಅದಕ್ಕೆ ಬೆರಳಿಟ್ಟುಕೊಂಡು ಇನ್ನೊಂದು ಟಪ್ ಹುಡುಕತೊಡಗಿದ.